ಬೇಲೂರಿನಿಂದ ಬಂದ ಎಂಜಿನ್

ಅಮ್ಮ ಕಾರು ಕಲಿಯುತ್ತೇನೆ ಎಂದಾಗ ಅವಳು ಅಂಗನವಾಡಿ ಕೆಲಸದಿಂದ ನಿವೃತ್ತಳಾಗಿ ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಅಡುಗೆಮನೆಯಲ್ಲಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಾ, ಮನೆಯಲ್ಲಿ ಉಪ್ಪು ಮುಗಿದಿದೆ ಎನ್ನುವಷ್ಟೇ ಸಲೀಸಾಗಿ ಆ ಮಾತು ಹೇಳಿದಳು. ಅಪ್ಪ ಪೇಪರ್ ಕೆಳಗಿಳಿಸಿ ಅವಳನ್ನೂ ನನ್ನನ್ನೂ ನೋಡಿದರು. ಅವರು ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲ್ವೆ ನೌಕರಿ ಮಾಡಿದವರು. ಹಳಿಯ ಮೇಲೆ ಓಡದ ಯಾವುದರ ಮೇಲೂ ಅವರಿಗೆ ನಂಬಿಕೆಯಿಲ್ಲ. ಮತ್ತೆ ಪೇಪರ್ ಮೇಲೆತ್ತಿದರು. ನನಗೆ ಮಾತ್ರ ಕುಣಿಯುವಷ್ಟು ಖುಷಿಯಾಯಿತು. ಸೇವೆಯ ಉದ್ದಕ್ಕೂ ಬಾಣಾವರದಾಚೆಯ ಹಳ್ಳಿಗೆ ಬಸ್ಸು ಕಾದು, ಬಸ್ಸು ಬಾರದಿದ್ದರೆ ಆಟೋದ ಅಂಚಿನಲ್ಲಿ ಕೂತು ಹೋಗಿಬಂದ ಹೆಂಗಸು ಅವಳು.

ನನ್ನದು ಬೇಲೂರಿನ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಕೆಲಸ. ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಹಾದು ಹೋಗಿಬರಲು ಒಂದು ಕೆಂಪು ಸಣ್ಣ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡಿದ್ದೆ. ಹಳೆಯದು, ಆದರೆ ನಿಯತ್ತಿನದು. ಅಮ್ಮ ಎಲ್‌ಎಲ್ ಎಂಬ ಕಲಿಕಾ ಲೈಸೆನ್ಸಿನ ಪರೀಕ್ಷೆಯನ್ನು ಒಂದೇ ಏಟಿಗೆ ಪಾಸು ಮಾಡಿದಳು. ಭಾನುವಾರ ಬೆಳಿಗ್ಗೆ ಜಾವಗಲ್ ದಾಟಿದ ಮೇಲೆ ನಾನು ಪಕ್ಕದ ಸೀಟಿಗೆ ಸರಿದು ಅವಳನ್ನು ಸ್ಟೇರಿಂಗ್ ಮುಂದೆ ಕೂರಿಸುತ್ತಿದ್ದೆ. ಗೇರ್ ಬದಲಿಸುವಾಗ ಅವಳು ಕಾರಿನ ಜೊತೆ ಮೆಲ್ಲಗೆ ಮಾತಾಡುತ್ತಿದ್ದಳು. ಅಂಗನವಾಡಿಯ ಮಕ್ಕಳನ್ನು ಸಾಲಿನಲ್ಲಿ ನಡೆಸುವಾಗಿನ ದನಿ ಅದು. ಕೆಲವೇ ವಾರಗಳಲ್ಲಿ ಎಮ್ಮೆ, ಟ್ರಾಕ್ಟರ್, ಎದುರಿಗೆ ನುಗ್ಗಿ ಬರುವ ಟೂರಿಸ್ಟ್ ವ್ಯಾನು, ಯಾವುದಕ್ಕೂ ಬೆದರದೆ ಓಡಿಸತೊಡಗಿದಳು.

ಅಂಥದೇ ಒಂದು ಭಾನುವಾರ, ಎದುರು ಬಂದ ಹುಲ್ಲಿನ ಗಾಡಿಗೆ ದಾರಿ ಬಿಡಲು ಅವಳು ಎಡಗಡೆಯ ಚಕ್ರಗಳನ್ನು ಡಾಂಬರಿನಿಂದ ಕೆಳಗಿಳಿಸಿದಳು. ಹುಲ್ಲಿನಲ್ಲಿ ಹುದುಗಿದ್ದ ಕಲ್ಲೊಂದು ಕಾರಿನ ಹೊಟ್ಟೆಗೆ ಬಡಿಯಿತು. ಅವಳು ಗಾಬರಿಯಾಗದೆ ಕಾರನ್ನು ಮತ್ತೆ ರಸ್ತೆಗೆ ಹತ್ತಿಸಿದಳು. ಮುಂದಿನ ಏರಿನಲ್ಲಿ ಸ್ಟೇರಿಂಗ್ ಹಿಂದಿನ ಆಯಿಲ್ಲಿನ ಕೆಂಪು ದೀಪ ಹೊತ್ತಿಕೊಂಡಿತು. ನಿಲ್ಲಿಸು ಎಂದೆ. ಹಿಂದೆ ಬಸ್ಸು ಹಾರನ್ ಮಾಡುತ್ತಿತ್ತು, ಎಡಕ್ಕೆ ಆಳದ ಚರಂಡಿ. ಅವಳು ಜಾಗ ಹುಡುಕುವಷ್ಟರಲ್ಲಿ ಬಾನೆಟ್ಟಿನ ಒಳಗೆ ಯಾರೋ ಸುತ್ತಿಗೆ ತೆಗೆದುಕೊಂಡು ಹೊಡೆಯುತ್ತಿರುವಂತೆ ಸದ್ದು ಶುರುವಾಯಿತು. ಆಮೇಲೆ ಒಂದು ದೊಡ್ಡ ಬಡಿತ. ಆಮೇಲೆ ಏನೂ ಇಲ್ಲ. ಇಳಿದು ಹಿಂತಿರುಗಿ ನೋಡಿದರೆ, ನಾವು ಬಂದ ದಾರಿಯುದ್ದಕ್ಕೂ ಎಂಜಿನ್ ಆಯಿಲ್ ಕಪ್ಪಗೆ ಗೆರೆ ಎಳೆದಿತ್ತು.

ಅಮ್ಮ ಇಳಿಯಲಿಲ್ಲ. ಎರಡೂ ಕೈ ಸ್ಟೇರಿಂಗ್ ಮೇಲಿಟ್ಟುಕೊಂಡೇ ಕೂತಿದ್ದಳು.

"ನಾನೇ ಕೊಂದಾಕ್ಬುಟ್ಟೆ ಕಣವ್ವ ಇದ್ನ," ಎಂದಳು.

ಕಲ್ಲು ಯಾರಿಗೂ ಕಾಣುತ್ತಿರಲಿಲ್ಲ, ನಾನೇ ಓಡಿಸಿದ್ದರೂ ಹೀಗೇ ಆಗುತ್ತಿತ್ತು ಎಂದು ಎಷ್ಟು ಹೇಳಿದರೂ ಅವಳ ಕಿವಿಗೆ ಬೀಳಲಿಲ್ಲ. ತೆಂಗಿನಕಾಯಿ ಇಳಿಸಿ ಖಾಲಿ ಹಿಂದಿರುಗುತ್ತಿದ್ದ ಗೂಡ್ಸ್ ಗಾಡಿಯೊಂದು ಹಗ್ಗ ಕಟ್ಟಿ ನಮ್ಮನ್ನು ಅರಸೀಕೆರೆಗೆ ಎಳೆದು ತಂದಿತು.

ಕಾರು ಹೋಗಿ ನಿಂತದ್ದು ನನ್ನ ಗೆಳೆಯನ ಗ್ಯಾರೇಜಿನಲ್ಲಿ. ನಾವಿಬ್ಬರೂ ಒಂದೇ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಓದಿದವರು. ನನ್ನದು ಎಲೆಕ್ಟ್ರಿಕಲ್, ಅವನದು ಮೆಕ್ಯಾನಿಕಲ್. ಅವನದು ಕೊಬ್ಬರಿ ವ್ಯಾಪಾರದ ಮನೆತನ. ಮಂಡಿಯಲ್ಲಿ ಗಾದಿಯ ಮೇಲೆ ಕೂರಬೇಕಾದವನು ವಿಭೂತಿ ಹಚ್ಚಿಕೊಂಡು ಸೀದಾ ಕಾರುಗಳ ಅಡಿಗೆ ನುಸುಳುತ್ತಾನೆ ಎಂದು ಅವರ ಮನೆಯಲ್ಲಿ ಇವತ್ತಿಗೂ ಗೊಣಗುತ್ತಾರೆ. ಅವನು ಕಾರಿನಡಿಯಿಂದ ಹೊರಬಂದು ನನ್ನ ಕೈ ಹಿಡಿದು ಬಗ್ಗಿಸಿ ಎಂಜಿನ್ನಿನ ಪಕ್ಕಕ್ಕೆ ಬೆರಳು ಇಡಿಸಿದ. ಬೆರಳು ಒಳಗೆ ಹೋಯಿತು. ಒಳಗಿನ ರಾಡು ಮುರಿದು ಎಂಜಿನ್ನಿನ ಗೋಡೆಯನ್ನೇ ಒಡೆದುಕೊಂಡು ಬಂದಿತ್ತು. ಇದು ರಿಪೇರಿಯಾಗುವ ಮಾತಲ್ಲ, ಬೇರೆ ಎಂಜಿನ್ನೇ ಬೇಕು ಎಂದ.

ಅದನ್ನು ಕೇಳಿಸಿಕೊಂಡ ಅಮ್ಮ ಮನೆಗೆ ಬಂದವಳೇ 'ಎಲ್' ಬೋರ್ಡುಗಳನ್ನು ಬೀರುವಿನ ಮೇಲಕ್ಕೆ ಎಸೆದಳು. ಅವಳ ಎಲ್‌ಎಲ್ ಮುಗಿಯಲು ಕೆಲವೇ ವಾರಗಳು ಉಳಿದಿದ್ದವು; ಅಷ್ಟರೊಳಗೆ ಟೆಸ್ಟ್ ಕೊಡಬೇಕಿತ್ತು. ಬೇರೆ ಯಾರದಾದರೂ ಕಾರು ತರಿಸೋಣ ಎಂದರೆ, ಮಗಳ ಕಾರು ಹಾಳು ಮಾಡಿದ್ದು ಸಾಲದೆ ಊರವರದ್ದೂ ಮಾಡಬೇಕೆ ಎಂದು ಕೇಳಿದಳು. ಮರುದಿನ ಸಂತೆಗೆ ಬಸ್ಸಿನಲ್ಲಿ ಹೋದಳು. ಅವಳು ಬಸ್ ಸ್ಟ್ಯಾಂಡಿನ ಕಡೆ ನಡೆದುಹೋಗುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ, ಈ ಕಾರು ಓಡಲೇಬೇಕು ಎಂದು ನನಗೆ ಹಟ ಹುಟ್ಟಿತು.

ಎಂಜಿನ್ ಹುಡುಕಾಟ ಶುರುವಾಯಿತು. ಗೆಳೆಯ ಹಾಸನ, ತಿಪಟೂರು, ಕಡೂರು ಎಲ್ಲೆಲ್ಲಿಗೋ ಫೋನ್ ಮಾಡಿದ. ನನ್ನ ಕಾರಿನ ವರ್ಷದ ಎಂಜಿನ್‌ಗಳೆಲ್ಲ ನನ್ನ ಎಂಜಿನ್ನಿನಷ್ಟೇ ಮುದಿಯಾಗಿದ್ದವು. ಕೊನೆಗೆ ಸುದ್ದಿ ಸಿಕ್ಕಿದ್ದು ನಮ್ಮ ಆಫೀಸಿನ ಲೈನ್‌ಮನ್ ಬಾಯಿಂದ. ಬೇಲೂರು ಬಿಟ್ಟು ಹಳೇಬೀಡಿನ ದಾರಿಯಲ್ಲಿರುವ ಗುಜರಿ ಅಂಗಳದಲ್ಲಿ ಇದೇ ಜಾತಿಯ ಕಾರೊಂದು ಬಂದು ನಿಂತಿದೆಯಂತೆ. ಊಟದ ಬಿಡುವಿನಲ್ಲಿ ಓಡಿದೆ. ನಿಂತಿದ್ದ ಕಾರಿಗೆ ಹಿಂದಿನಿಂದ ಲಾರಿ ಗುದ್ದಿತ್ತು. ಡಿಕ್ಕಿ ನಜ್ಜುಗುಜ್ಜಾಗಿ ಹಿಂದಿನ ಸೀಟಿನವರೆಗೂ ಬಂದಿತ್ತು. ಮುಂಭಾಗಕ್ಕೆ ಮಾತ್ರ ಒಂದು ಗೀರೂ ಇಲ್ಲ. ಬಾನೆಟ್ ಎತ್ತಿ ಫೋಟೋ ತೆಗೆದು ಕಳಿಸಿದೆ. ಮರುಕ್ಷಣವೇ ಗೆಳೆಯನ ದನಿ ಬಂತು: ಯಾರೂ ಮುಟ್ಟದಂತೆ ನೋಡಿಕೋ, ಹೊರಟಿದ್ದೇನೆ.

ಸಂಜೆಯ ಹೊತ್ತಿಗೆ ಬೈಕಿನ ಹಿಂದೆ ಬ್ಯಾಟರಿ ಕಟ್ಟಿಕೊಂಡು ಬಂದೇಬಿಟ್ಟ. ಅಂಗಳದ ಯಜಮಾನರು ನಗುತ್ತಾ ಜಾಗ ಬಿಟ್ಟುಕೊಟ್ಟರು. ವೈರು ಸಿಕ್ಕಿಸಿ, ಬಾಟಲಿಯಿಂದ ಪೆಟ್ರೋಲ್ ಸುರಿದು ಕೀ ತಿರುಗಿಸಿದ. ಎರಡು ಸಲ ಕೆಮ್ಮಿದ ಎಂಜಿನ್ ಆಮೇಲೆ ಹೊಲಿಗೆ ಮಿಷಿನ್ನಿನ ಹಾಗೆ ಓಡತೊಡಗಿತು. ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ತನ್ನ ಕಿವಿಗೂ ಒತ್ತಿ ಕಣ್ಣು ಮುಚ್ಚಿ ನಿಂತ. ಆಮೇಲೆ ನನ್ನ ಕೈಗೆ ಕೊಟ್ಟ. ನಾನೂ ಕಿವಿಗಿಟ್ಟೆ. ಒಳಗೆ ಎಲ್ಲವೂ ಎಣ್ಣೆಯಲ್ಲಿ ಮಿಂದು ಒಂದೇ ಸಮನೆ ಸುತ್ತುವ ಸದ್ದು. ಅಷ್ಟು ಆರೋಗ್ಯವಾದ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಆದರೆ ಅದು ನನ್ನ ಕಾರಿಗಿಂತ ಎಷ್ಟೋ ವರ್ಷ ಈಚಿನದು. ಕಂಪನಿಯವರು ಹೆಸರು ಅದೇ ಇಟ್ಟುಕೊಂಡು ಒಳಗಿನದನ್ನು ಬದಲಿಸಿದ್ದರು. ಗಾಳಿ ಎಳೆಯುವ ಭಾಗ ಬೇರೆ, ಸೆನ್ಸರುಗಳು ಬೇರೆ, ಪ್ಲಗ್ಗುಗಳ ಆಕಾರ ಬೇರೆ. ನನ್ನ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ತಂತಿ ಎಳೆಯುತ್ತಿತ್ತು. ಇದರಲ್ಲಿ ಕರೆಂಟಿನಲ್ಲೇ ಎಲ್ಲ. ಗೆಳೆಯ ಎಂಜಿನ್ನಿನ ಸುತ್ತ ಬಗ್ಗಿ ಬಗ್ಗಿ ನೋಡಿದ.

"ಮೂಳೆ ಅದೇ ಕಣೇ, ನರ ಬೇರೆ," ಎಂದ. "ಮೂಳೆ ನಾನ್ ಕೂರಿಸ್ತೀನಿ. ನರ ನೀನ್ ನೋಡ್ಕೋತೀಯಾ?"

ಇಂಥದ್ದನ್ನು ಮೊದಲು ಮಾಡಿದ್ದೀಯಾ ಎಂದು ಕೇಳಿದೆ. ಇಲ್ಲ ಎಂದ. ಆಗುತ್ತದೆಯೇ ಎಂದು ಕೇಳಿದೆ. ಅದೂ ಗೊತ್ತಿಲ್ಲ ಎಂದ. ಪ್ರಾಕ್ಟಿಕಲ್ ಪರೀಕ್ಷೆಗೆ ಮುಂಚೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತಾಗ ಅವನ ಮುಖ ಹೇಗೆ ಇರುತ್ತಿತ್ತೋ ಹಾಗೇ ಆಗಿತ್ತು. ನನ್ನ ಮುಖವೂ ಹಾಗೇ ಇದ್ದಿರಬೇಕು, ಯಜಮಾನರು ನಮ್ಮಿಬ್ಬರನ್ನೂ ನೋಡಿ, ಬೆಳಿಗ್ಗೆಯೇ ಬಿಚ್ಚಿಸಿಡುತ್ತೇನೆ ಹೋಗಿ ಎಂದರು.

ಮರುದಿನ ಪಿಕಪ್ ಗಾಡಿಯಲ್ಲಿ ಹಗ್ಗ ಬಿಗಿದು ಎಂಜಿನ್ ತಂದೆವು. ಹಳೇಬೀಡಿನಲ್ಲಿ ದೇವಸ್ಥಾನದ ಮುಂದೆ ಶಾಲಾ ಮಕ್ಕಳ ಬಸ್ಸುಗಳು ಅಡ್ಡ ನಿಂತಿದ್ದವು. ಗಾಡಿ ನಿಂತಾಗಲೆಲ್ಲ ಗೆಳೆಯ ಇಳಿದು ಹಗ್ಗ ಎಳೆದು ನೋಡಿ ಬರುತ್ತಿದ್ದ. ಒಂದೊಂದು ಹಂಪ್ ಬಂದಾಗಲೂ ಇಬ್ಬರೂ ಉಸಿರು ಹಿಡಿಯುತ್ತಿದ್ದೆವು.

ಗ್ಯಾರೇಜಿನಲ್ಲಿ ಗೋಣಿಚೀಲ ಹಾಸಿ ಎರಡೂ ಎಂಜಿನ್‌ಗಳನ್ನು ಅಕ್ಕಪಕ್ಕ ಇರಿಸಿದೆವು. ಆ ದಿನಗಳಲ್ಲಿ ನಾನು ಬೇಲೂರಿನಿಂದ ಬಂದ ಬಸ್ಸಿಳಿದು ಮನೆಗೆ ಹೋಗುತ್ತಿರಲಿಲ್ಲ. ಚೂಡಿದಾರದ ಮೇಲೆ ಅವನ ಹಳೆಯ ಖಾಕಿ ಅಂಗಿ ತೊಟ್ಟು ಗ್ಯಾರೇಜಿನಲ್ಲೇ ಕೂರುತ್ತಿದ್ದೆ. ಕೆಲಸದ ಸೂತ್ರ ಸರಳವಿತ್ತು: ಕಾರಿನ ವೈರಿಂಗ್ ಮತ್ತು ಕಂಪ್ಯೂಟರ್ ಹಳೆಯದೇ ಉಳಿಯುತ್ತದೆ, ಆದ್ದರಿಂದ ಅವುಗಳ ಜೊತೆ ಮಾತಾಡುವ ಭಾಗಗಳನ್ನೆಲ್ಲ ಹಳೆಯ ಎಂಜಿನ್ನಿನಿಂದ ಬಿಚ್ಚಿ ಹೊಸದಕ್ಕೆ ಹಾಕಬೇಕು. ಹೇಳಿದಷ್ಟು ಸುಲಭವಲ್ಲ. ಪ್ರತಿಯೊಂದು ಭಾಗ ಬಿಚ್ಚಿದಾಗಲೂ ಇದು ಅಲ್ಲಿ ಕೂರುತ್ತದೋ ಇಲ್ಲವೋ ಎಂಬ ಆತಂಕ. ಗಾಳಿ ಎಳೆಯುವ ಭಾಗ ಹಿಡಿದು ನೋಡಿದೆವು, ಬೋಲ್ಟಿನ ತೂತುಗಳು ಒಂದಕ್ಕೊಂದು ಸೇರಿದವು. ಕ್ಲಚ್ಚು, ಅದರ ಹಿಂದಿನ ಭಾರದ ಚಕ್ರ ಕೂತವು. ಎಂಜಿನ್ನನ್ನು ಕಾರಿಗೆ ತೂಗುಹಾಕುವ ಒಂದು ಬ್ರಾಕೆಟ್ ಮಾತ್ರ ಹೊಸದರಲ್ಲಿ ಬೇರೆ ಆಕಾರದ್ದು. ಹಳೆಯ ಬ್ರಾಕೆಟ್ಟನ್ನು ಒರೆಸಿ ತಂದು ಹಿಡಿದ. ಬೋಲ್ಟು ಬೆರಳಲ್ಲೇ ತಿರುಗುತ್ತಾ ಒಳಗೆ ಹೋಯಿತು. ಗೆಳೆಯ ಎದ್ದು ನಿಂತು ಗ್ಯಾರೇಜಿನ ಈ ಕೊನೆಯಿಂದ ಆ ಕೊನೆಗೆ ಒಂದು ಸುತ್ತು ಹೊಡೆದು ಬಂದು ಮತ್ತೆ ಕೂತ. ಕ್ರಿಕೆಟ್ಟಿನಲ್ಲಿ ಕೊನೆಯ ಓವರಿಗೆ ಹೀಗೆ ಓಡಾಡುತ್ತಾರಲ್ಲ, ಹಾಗೆ.

ಅಮ್ಮ ಒಮ್ಮೆಯೂ ಅತ್ತ ಬರಲಿಲ್ಲ. ಆದರೆ ಸಂಜೆ ಅಪ್ಪನ ಕೈಲಿ ಡಬ್ಬಿ ಕಳಿಸುತ್ತಿದ್ದಳು. ಅವರೆಕಾಳು ಉಪ್ಪಿಟ್ಟು ಒಂದು ದಿನ, ತಟ್ಟೆಯಷ್ಟು ದೊಡ್ಡ ಅಕ್ಕಿರೊಟ್ಟಿ ಇನ್ನೊಂದು ದಿನ. ಡಬ್ಬಿ ಕೊಟ್ಟ ಅಪ್ಪ ಎಂಜಿನ್‌ಗಳನ್ನು ನೋಡುತ್ತಾ ನಿಂತುಬಿಡುತ್ತಿದ್ದರು. ಮನೆಗೆ ಹೋಗಿ ಅಮ್ಮನಿಗೆ ಎಲ್ಲ ವರದಿ ಒಪ್ಪಿಸುತ್ತಿದ್ದರು ಎಂದು ನನಗೆ ಗೊತ್ತಿತ್ತು.

ಒಂದು ಶನಿವಾರ ಚೈನ್ ಬ್ಲಾಕಿನಲ್ಲಿ ಎಂಜಿನ್ ಎತ್ತಿ, ತೊಟ್ಟಿಲಿಗೆ ಕೂಸನ್ನು ಇಳಿಸುವ ಹಾಗೆ ಕಾರಿನೊಳಕ್ಕೆ ಇಳಿಸಿದೆವು. ಮಧ್ಯಾಹ್ನದ ಹೊತ್ತಿಗೆ ಪೈಪು, ವೈರು, ಆಯಿಲ್, ನೀರು ಎಲ್ಲ ಮುಗಿಯಿತು. ಅಂಗಡಿಗೆ ಬಂದಿದ್ದೆ ಎಂಬ ನೆಪ ಮಾಡಿಕೊಂಡು ಅಮ್ಮ ಗೇಟಿನ ಹತ್ತಿರ ಬಂದು ನಿಂತಳು. ಗೆಳೆಯ ಕೀ ತಿರುಗಿಸಿದ. ಎಂಜಿನ್ ಗರಗರ ಸುತ್ತಿತು, ಹೊತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದ. ಮತ್ತೆ ಅದೇ. ಬ್ಯಾಟರಿ ಸೋಲುವವರೆಗೂ ತಿರುಗಿಸಿದ. ನಾನು ಗೇಟಿನ ಕಡೆ ನೋಡಿದಾಗ ಅಮ್ಮ ಅಲ್ಲಿರಲಿಲ್ಲ.

ಮನೆಯಲ್ಲಿ ಅವಳು ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ಎಂದಿಗಿಂತ ಹೆಚ್ಚು ಹೊತ್ತು ಕೂತಳು. ಊಟಕ್ಕೆ ಬಡಿಸುವಾಗ, ಗುಜರಿಗೆ ಕೊಟ್ಟುಬಿಡು ಅದನ್ನ, ಸಾಕು ಎಂದಳು. ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಪೆಟ್ರೋಲ್ ಇದೆ, ಗಾಳಿ ಇದೆ, ಪ್ಲಗ್ಗಿನಲ್ಲಿ ಕಿಡಿ ಮಾತ್ರ ಇಲ್ಲ. ಕಂಪ್ಯೂಟರೇ ಹೋಗಿರಬೇಕೆಂದು ಗೆಳೆಯನ ಅನುಮಾನ. ಆದರೆ ಸಬ್‌ಸ್ಟೇಷನ್ನಿನಲ್ಲಿ ದೋಷ ಕಂಡಾಗ ಲೈನ್ ಕಡಿಸುವ ಒಂದು ರಿಲೇ ಕೆಲಸ ಮಾಡದಿದ್ದರೆ ನಾವು ಮೊದಲು ರಿಲೇಯನ್ನು ದೂರುವುದಿಲ್ಲ. ಅದಕ್ಕೆ ಸುದ್ದಿ ಮುಟ್ಟುತ್ತಿದೆಯೇ ಎಂದು ನೋಡುತ್ತೇವೆ.

ಭಾನುವಾರ ಬೆಳಿಗ್ಗೆ ಮೀಟರ್ ಹಿಡಿದು ಹೋದೆ. ಎಂಜಿನ್ನಿನ ತುದಿಯಲ್ಲಿ ಹಲ್ಲುಗಳಿರುವ ಒಂದು ಕಬ್ಬಿಣದ ಬಳೆ ಇರುತ್ತದೆ. ಅದು ಸುತ್ತುವಾಗ ಪಕ್ಕದಲ್ಲಿ ಕೂತ ಸೆನ್ಸರ್ ಹಲ್ಲುಗಳನ್ನು ಎಣಿಸಿ ಕಂಪ್ಯೂಟರಿಗೆ ತಿಳಿಸುತ್ತದೆ. ಆ ಲೆಕ್ಕ ಸರಿ ಬಂದರೆ ಮಾತ್ರ ಕಂಪ್ಯೂಟರ್ ಕಿಡಿ ಹಾರಿಸುತ್ತದೆ. ಸೆನ್ಸರನ್ನು ಹಳೆಯದರಿಂದಲೇ ತಂದು ಹಾಕಿದ್ದೆವು. ಗೆಳೆಯ ಎಂಜಿನ್ ಸುತ್ತಿಸಿದ, ನಾನು ಮೀಟರ್ ನೋಡಿದೆ. ಮುಳ್ಳು ಆಡುತ್ತಿತ್ತು. ಸುದ್ದಿ ಹೋಗುತ್ತಿದೆ, ಹಾಗಿದ್ದರೂ ಕಿಡಿ ಇಲ್ಲ. ಅಂದರೆ ಕಂಪ್ಯೂಟರಿಗೆ ಆ ಸುದ್ದಿ ಅರ್ಥವಾಗುತ್ತಿಲ್ಲ.

ನಾನು ಕೇಳಿದೆ: "ಸೆನ್ಸರ್ ಹಳೇದು ಹಾಕಿದ್ವಿ. ಬಳೆ ಯಾವ್ದು ಕಣೋ?"

ಅವನು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಎಂಜಿನ್ನಿನ ಮುಂದೆ ಮಂಡಿಯೂರಿ ಕೂತ. ಮೊದಲ ಹಲ್ಲಿಗೆ ಸೀಮೆಸುಣ್ಣದಲ್ಲಿ ಗುರುತು ಮಾಡಿ ಎಣಿಸತೊಡಗಿದ. ನಾನು ಕಾರಿನಡಿ ತಲೆ ತೂರಿಸಿ ಹೊಸದರ ಹಲ್ಲು ಎಣಿಸಿದೆ. ಇಬ್ಬರೂ ಒಟ್ಟಿಗೆ ಲೆಕ್ಕ ಹೇಳಿದೆವು. ಎರಡೂ ಬೇರೆ ಬೇರೆ. ಅವನು ನೆಲದ ಮೇಲೆ ಕೂತಲ್ಲೇ ನಗಲು ಶುರು ಮಾಡಿದ. ನನಗೂ ನಗು ತಡೆಯಲಾಗಲಿಲ್ಲ. ಕಂಪ್ಯೂಟರಿನ ತಪ್ಪೇನಿದೆ? ಅದಕ್ಕೆ ಗೊತ್ತಿದ್ದದ್ದು ಹಳೆಯ ಮಗ್ಗಿ, ನಾವು ಹೊಸ ಮಗ್ಗಿ ಒಪ್ಪಿಸುತ್ತಿದ್ದೆವು.

ಇನ್ನು ಉಳಿದದ್ದು ಒಂದೇ ಪ್ರಶ್ನೆ: ಹಳೆಯ ಬಳೆ ಹೊಸ ಎಂಜಿನ್ನಿಗೆ ಕೂರುತ್ತದೆಯೇ? ಅದನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ನಿಧಾನವಾಗಿ ತುದಿಗೆ ಹಿಡಿದು ಒತ್ತಿದ. ಸಲೀಸಾಗಿ ಜಾರಿ ಹೋಗಿ ಕೂತಿತು. ನಾನು ಕೀಗೆ ಕೈ ಹಾಕಿದೆ. ಅವನು ತಡೆದ. ಅಮ್ಮ ಬರಲಿ ಎಂದ. ಈಗಲೂ ಸ್ಟಾರ್ಟ್ ಆಗದಿದ್ದರೆ ಅವಳು ಇನ್ನೆಂದೂ ಕಾರಿನ ಹತ್ತಿರ ಸುಳಿಯುವುದಿಲ್ಲ ಎಂದೆ. ಅವನು ಕೇಳಿಸಿಕೊಳ್ಳದೆ ಬೈಕ್ ಹತ್ತಿ ನಮ್ಮ ಮನೆಗೇ ಹೋದ. ಅಲ್ಲಿ ಏನು ಹೇಳಿದನೋ ತಿಳಿಯದು. ಅರ್ಧ ಗಂಟೆಯೊಳಗೆ ಅಮ್ಮ ಬೈಕಿನ ಹಿಂದೆ ಕೂತು ಬಂದಳು. ಕೈಯಲ್ಲಿ ಇನ್ನೂ ಸೊಪ್ಪು ಬಿಡಿಸಿದ ಹಸಿರು ಕರೆ ಇತ್ತು.

"ಕೂತ್ಕಳಿ ಅಮ್ಮಾ," ಎಂದ ಗೆಳೆಯ. "ಕೀ ನೀವೇ ತಿರುಗಿಸ್ಬೇಕು. ಆಗ್ಲಿಲ್ಲ ಅಂದ್ರೆ ಮೂರು ಜನಾನೂ ಸೇರಿ ಯಾಕಾಗ್ಲಿಲ್ಲ ಅಂತ ನೋಡಣ."

"ನನ್ ಕೈಲಿ ಕೆಟ್ಟೋಗಿದ್ದು ಕಣಪ್ಪ ಇದು."

"ನಿಮ್ಮ ಕೈಲಿ ಕೆಟ್ಟಿದ್ದು ಅಕೋ ಅಲ್ಲಿ ಮೂಲೇಲಿ ಬಿದ್ದೈತೆ. ಇದು ಬೇರೆ."

ಅಮ್ಮ ಮೂಲೆಯಲ್ಲಿದ್ದ ಒಡೆದ ಎಂಜಿನ್ನನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಪ್ಪಲಿ ಕಳಚಿ ಸೀಟಿನಲ್ಲಿ ಕೂತಳು. ಕ್ಲಚ್ ಒತ್ತಿದಳು. ಕೀ ತಿರುಗಿಸಿದಳು. ಅರೆಗಳಿಗೆ ಗರಗರ ಸದ್ದು, ಮರುಗಳಿಗೆಗೆ ಎಂಜಿನ್ ಹೊತ್ತಿಕೊಂಡಿತು. ಅವಳು ಕೀ ಬಿಡುವುದನ್ನೇ ಮರೆತಳು. ಸ್ಟಾರ್ಟರ್ ಕಿರ್ರೆಂದು ಕಿರುಚಿಕೊಂಡಿತು, ಬಿಡು ಬಿಡು ಎಂದು ನಾವಿಬ್ಬರೂ ಕೂಗಿಕೊಂಡೆವು. ಕೀ ಬಿಟ್ಟಳು. ಬೇಲೂರಿನ ಅಂಗಳದಲ್ಲಿ ಕಿವಿಗೆ ಬಿದ್ದಿದ್ದ ಸದ್ದು ಈಗ ನನ್ನ ಕಾರಿನೊಳಗಿಂದ ಬರುತ್ತಿತ್ತು. ಗೆಳೆಯ ಕೈ ಒರೆಸುವ ಬಟ್ಟೆಯಲ್ಲೇ ಮುಖ ಒರೆಸಿಕೊಂಡು ಹಣೆಯ ವಿಭೂತಿಯ ಜಾಗದಲ್ಲಿ ಗ್ರೀಸ್ ಬಳಿದುಕೊಂಡ. ಅಮ್ಮನ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು. ಇದು ಯಾವ ವರ್ಷದ್ದು ಎಂದು ಕೇಳಿದಳು. ಅವನು ಹೇಳಿದ. ಹಾಗಾದರೆ ಇದಿನ್ನೂ ಶಾಲೆಗೆ ಹೋಗುವ ವಯಸ್ಸಿನದು ಎಂದಳು.

ಮೊದಲ ಕೆಲವು ದಿನ ಗೆಳೆಯ ತಾನೇ ಊರ ಸುತ್ತ ಓಡಿಸಿ, ಸೋರಿಕೆ, ಬಿಸಿ ಎಲ್ಲ ನೋಡಿ ಕೊಟ್ಟ. ಆರ್‌ಟಿಓದಲ್ಲಿ ಕಾರು ತೋರಿಸಿ ಹೊಸ ಎಂಜಿನ್ ನಂಬರನ್ನು ದಾಖಲೆಗೆ ಹತ್ತಿಸಿಕೊಂಡೆ. ಅದಾದ ಮೇಲೆ ನಾನು, ಅಮ್ಮ ಬೇಲೂರಿನ ಕಡೆ ಹೊರಟೆವು; ಸ್ಟೇರಿಂಗ್ ನನ್ನ ಕೈಯಲ್ಲಿತ್ತು. ಹಳೇಬೀಡು ದಾಟುವವರೆಗೂ ಅವಳ ಕಿವಿಯೆಲ್ಲ ಎಂಜಿನ್ನಿನ ಮೇಲೇ ಇತ್ತು. ಅಲ್ಲಿನ ಕೆರೆ ಹಿಂದಾದ ಮೇಲೆ ನಿಲ್ಲಿಸು ಎಂದಳು. ಇಳಿದು ಈ ಕಡೆಗೆ ಬಂದು ನನ್ನನ್ನು ಎಬ್ಬಿಸಿ ಕೂತಳು. ಒಂದು ಏರು ಬಂತು. ಮೊದಲಾದರೆ ಅಲ್ಲಿ ಗೇರ್ ಇಳಿಸಬೇಕಿತ್ತು. ಅವಳ ಕೈ ಅಭ್ಯಾಸಬಲದಿಂದ ಗೇರಿಗೆ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಕಾರು ಏರನ್ನು ಏರೆಂದೇ ಲೆಕ್ಕಿಸದೆ ಹತ್ತುತ್ತಿತ್ತು.

"ಇದು ಮುಂಚಿನಂಗಲ್ಲ ಕಣವ್ವ. ನಾವ್ ಹೇಳದ್ಕಿಂತ ಮುಂಚೇನೆ ಹೋಯ್ತದೆ," ಎಂದಳು. ಕಿಟಕಿಯ ಗಾಳಿಗೆ ಅವಳ ಬಿಳಿಗೂದಲು ಹಾರುತ್ತಿತ್ತು. ನನಗೆ ಕಿರುಚಿಬಿಡಬೇಕು ಅನ್ನಿಸುತ್ತಿತ್ತು. ಪಕ್ಕದ ಸೀಟಿನಲ್ಲಿ ಕೈಕಟ್ಟಿ ಗಂಭೀರವಾಗಿ ಕೂತಿದ್ದೆ.

ಎಲ್‌ಎಲ್ ಅವಧಿ ಮುಗಿಯುವ ಮುಂಚೆಯೇ ಟೆಸ್ಟ್ ಆಯಿತು. ಸಾಲಿನಲ್ಲಿದ್ದವರೆಲ್ಲ ಅವಳ ಮಕ್ಕಳ, ಮೊಮ್ಮಕ್ಕಳ ಪ್ರಾಯದವರು. ಇನ್‌ಸ್ಪೆಕ್ಟರ್ ರಿವರ್ಸ್ ಹೋಗಲು ಹೇಳಿದಾಗ ಅವಳು ಕನ್ನಡಿ ನೋಡಿ, ಕತ್ತು ತಿರುಗಿಸಿ ನೋಡಿ, ಕಂಬಗಳ ನಡುವೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಿದಳು. ಅವರು ತಲೆಯಾಡಿಸಿ ಮುಂದಿನವರನ್ನು ಕರೆದರು. ಗೇಟಿನಾಚೆ ಮರದ ಕೆಳಗೆ ನಾನೂ ಗೆಳೆಯನೂ ಒಬ್ಬರ ಭುಜ ಒಬ್ಬರು ಹಿಡಿದು ಅಲುಗಾಡಿಸಿದೆವು.

ಕೆಲ ದಿನಗಳಲ್ಲಿ ಅಂಚೆಯಲ್ಲಿ ಲೈಸೆನ್ಸ್ ಬಂತು. ಬಂದ ದಿನವೇ ಅವಳು ಗೆಳೆಯನನ್ನು ಮನೆಗೆ ಕರೆಸಿ ಹೋಳಿಗೆ ಊಟ ಹಾಕಿದಳು. ಊಟವಾದ ಮೇಲೆ ನಮ್ಮಿಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಲು ಹೇಳಿದಳು. ಎಲ್ಲಿಗೆ ಎಂದು ಕೇಳಿದರೆ ಬಾಣಾವರಕ್ಕೆ ಎಂದಳು. ಅಲ್ಲಿ ಅವಳ ತಂಗಿ, ನನ್ನ ಚಿಕ್ಕಮ್ಮ ಇದ್ದಾಳೆ. ದಾರಿಯುದ್ದಕ್ಕೂ ನಾವು ಹಿಂದಿನಿಂದ ಒಮ್ಮೆಯೂ ಹೇಳಿಕೊಡಬೇಕಾಗಲಿಲ್ಲ.

ಹಾರನ್ ಕೇಳಿ ಚಿಕ್ಕಮ್ಮ ಹೊರಗೆ ಬಂದಳು. ಹಿಂದೆ ಕೂತ ನಮ್ಮನ್ನು ನೋಡಿದಳು, ಕಾರು ಓಡಿಸಿದವರು ಎಲ್ಲಿ ಇಳಿದುಹೋದರು ಎನ್ನುವಂತೆ ಆ ಕಡೆ ಈ ಕಡೆ ಕಣ್ಣಾಡಿಸಿದಳು. ಕೊನೆಗೆ ಸ್ಟೇರಿಂಗಿನ ಹಿಂದೆ ಕೂತ ಅಕ್ಕನ ಮೇಲೆ ಅವಳ ಕಣ್ಣು ನಿಂತಿತು.

"ಏನೇ ನಿಂತ್ಕಂಡು ನೋಡ್ತೀಯ?" ಎಂದಳು ಅಮ್ಮ. "ಹತ್ತು, ಒಂದು ಸುತ್ತು ಹೋಗ್ಬರಣ."

ಚಿಕ್ಕಮ್ಮ ಮುಂದಿನ ಬಾಗಿಲು ತೆಗೆದು ಹತ್ತಿದಳು. ಅಮ್ಮ ನಮ್ಮಿಬ್ಬರನ್ನೂ ಇಳಿಯಲು ಹೇಳಿದಳು. ಚಿಕ್ಕಮ್ಮನ ಮನೆಯ ಜಗಲಿಯ ಮೇಲೆ ನಾವು ನಿಂತಿದ್ದಂತೆ ಕೆಂಪು ಕಾರು ಬೀದಿಯ ತಿರುವಿನಲ್ಲಿ ಮರೆಯಾಯಿತು. ಅಕ್ಕ ತಂಗಿಯರಿಬ್ಬರೂ ಒಟ್ಟಿಗೆ ನಗುವುದು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು.